ಅಪ್ಪನೊಂದಿಗೆ ಸ್ಮೋಕಿ ಬೆಟ್ಟಗಳ ಶೆಲ್ಟರ್‌ನಲ್ಲಿ ಮೊದಲ ರಾತ್ರಿ

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದ್ದೇವೆ. ನಾನು, ನನ್ನ ಪತ್ನಿ ಮತ್ತು ಹನ್ನೆರಡು ವರ್ಷದ ಮಗ. ಶಿರಸಿಯಿಂದ ಅಪ್ಪ, ಅಮ್ಮ ಆರು ತಿಂಗಳಿಗೆಂದು ಬಂದಿದ್ದಾರೆ. ಅಪ್ಪನಿಗೆ 66 ವರ್ಷ. ಅಡಿಕೆ ತೋಟದಲ್ಲಿ ದುಡಿದ ಮೈ, ವಯಸ್ಸಿನಲ್ಲಿ ಕುಮಾರಪರ್ವತವನ್ನು ಮೂರು ಸಲ ಹತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಅವರು ಸ್ನೇಹಿತರ ಮನೆಯಲ್ಲಿ ಇರುತ್ತಾರೆ. ಅಕ್ಟೋಬರ್‌ನಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ನ್ಯೂಫೌಂಡ್ ಗ್ಯಾಪ್‌ನಿಂದ ಹೊರಟು ಐಸ್‌ವಾಟರ್ ಸ್ಪ್ರಿಂಗ್, ಪೆಕ್ಸ್ ಕಾರ್ನರ್, ಟ್ರೈಕಾರ್ನರ್ ನಾಬ್ ಶೆಲ್ಟರ್‌ಗಳಲ್ಲಿ ಒಂದೊಂದು ರಾತ್ರಿ ತಂಗಿ ಕಾಸ್ಬಿಯಲ್ಲಿ ಇಳಿಯಬೇಕೆಂದಿದ್ದೇವೆ. ಇದುವರೆಗೆ ಕಾರು ನಿಲ್ಲಿಸಿದ ಜಾಗದಲ್ಲೇ ಟೆಂಟ್ ಹಾಕಿ ಮಲಗಿದ ಅನುಭವ ಮಾತ್ರ ನಮ್ಮದು. ಶೆಲ್ಟರ್ ಇರುವುದರಿಂದ ಟೆಂಟ್ ಹೊರುವ ಗೋಜಿಲ್ಲ, ಅಪ್ಪನಿಗೂ ಸುರಕ್ಷಿತ ಎಂದುಕೊಂಡಿದ್ದೇವೆ. ಸರಿಯೇ? ಕರಡಿಗಳ ಭಯ ಎಷ್ಟು? ಊಟಕ್ಕೆ ಏನು ಒಯ್ಯಬೇಕು?

ಉತ್ತರ: ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಈ ಯೋಜನೆಯನ್ನು ಕೈಬಿಡಿ. ಮೊದಲ ಸಲಕ್ಕೆ ಒಂದೇ ರಾತ್ರಿ ಸಾಕು, ಅದೂ ರಸ್ತೆಯಿಂದ ಒಂದೆರಡು ಗಂಟೆಯ ನಡಿಗೆಯಲ್ಲಿರುವ ಶೆಲ್ಟರ್‌ನಲ್ಲಿ. ಯಾವ ಶೆಲ್ಟರ್ ಎಂಬುದನ್ನೂ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಕರಡಿಯಲ್ಲ, ದೂರವೂ ಅಲ್ಲ. ‘ಶೆಲ್ಟರ್ ಇರುವುದರಿಂದ ಸುರಕ್ಷಿತ’ ಎಂಬ ಮಾತು. ಮೊದಲು ಅದನ್ನೇ ನೋಡೋಣ.

ಕುಮಾರಪರ್ವತ ಹತ್ತಿದವರ ಮನಸ್ಸಿನಲ್ಲಿ ದಾರಿಯ ತಂಗುದಾಣ ಎಂದರೆ ಭಟ್ಟರ ಮನೆ. ಅಲ್ಲಿ ಒಲೆ ಉರಿಯುತ್ತಿತ್ತು, ಬಿಸಿ ಅನ್ನ ಸಾರು ಸಿಗುತ್ತಿತ್ತು, ‘ಮಳೆ ಬರುವ ಹಾಗಿದೆ, ಈಗ ಮೇಲೆ ಹೋಗಬೇಡಿ’ ಎನ್ನುವ ಹಿರಿಯರಿದ್ದರು. ಸ್ಮೋಕಿಯ ಶೆಲ್ಟರ್‌ನಲ್ಲಿ ಇದಾವುದೂ ಇಲ್ಲ. ಹೆಚ್ಚಿನವಕ್ಕೆ ಮೂರು ಕಡೆ ಗೋಡೆ, ಮೇಲೊಂದು ಮಾಡು, ನಾಲ್ಕನೆಯ ಕಡೆ ಕಾಡು. ಒಳಗೆ ಹಲಗೆಯ ಅಟ್ಟಣಿಗೆ ಎರಡು ಅಂತಸ್ತು: ಕೆಳಗೆ ಐದಾರು ಜನ, ಮೇಲೆ ಐದಾರು ಜನ ಸಾಲಾಗಿ ಮಲಗುತ್ತಾರೆ. ವಿದ್ಯುತ್ ಇಲ್ಲ, ನಲ್ಲಿ ಇಲ್ಲ, ಹಾಸಿಗೆ ಇಲ್ಲ, ಕಾವಲುಗಾರನಿಲ್ಲ. ಪಕ್ಕದಲ್ಲಿ ಮಲಗುವವರು ನಿಮಗೆ ಅಪರಿಚಿತರು. ಮಾಡು ನಿಮ್ಮನ್ನು ಕಾಯುವುದು ಮಳೆಯೊಂದರಿಂದ. ಗಾಳಿ ಬೀಸುವ ದಿಕ್ಕು ಬದಲಾದರೆ ಅದರಿಂದಲೂ ಪೂರ್ತಿ ಕಾಯಲಾರದು. ಚಳಿ, ನೀರು, ಆಹಾರ, ಬೆಳಕು, ಕಾಡುಪ್ರಾಣಿ ಎಲ್ಲವೂ ನಿಮ್ಮ ಹೊಣೆಯೇ.

ಇಷ್ಟು ತಿಳಿದು ಹೋದರೆ ಆ ಹಲಗೆಯ ಮೇಲೆ ಮಲಗುವ ರಾತ್ರಿಗೆ ಸಮನಾದದ್ದು ಕಡಿಮೆ. ನಾನು ಇಪ್ಪತ್ತು ವರ್ಷಗಳಿಂದ ಈ ಬೆಟ್ಟಗಳಿಗೆ ಹೋಗುತ್ತಿದ್ದೇನೆ. ಮಾಡಿನ ಮೇಲೆ ಮಳೆ ಸುರಿಯುವಾಗ, ಎದುರಿನ ತೆರೆದ ಬದಿಯಲ್ಲಿ ಮಂಜು ಮರದಿಂದ ಮರಕ್ಕೆ ಸರಿಯುವುದನ್ನು ನೋಡುತ್ತ ಬೆಚ್ಚಗೆ ಮಲಗುವ ಸುಖ ಟೆಂಟಿನಲ್ಲಿ ನನಗೆ ಎಂದೂ ಸಿಕ್ಕಿಲ್ಲ.

ಈಗ ನಿಮ್ಮ ದಾರಿಯ ವಿಚಾರ. ಉದ್ಯಾನದ ಒಳಗೆ ಇಂಥ ಹದಿನೈದು ಶೆಲ್ಟರ್‌ಗಳಿವೆ. ಹನ್ನೆರಡು, ಉದ್ದನೆಯ ಕಾಲ್ನಡಿಗೆ ಜಾಡಾದ ಅಪಲೇಚಿಯನ್ ಟ್ರೇಲ್‌ನ ಉದ್ದಕ್ಕೆ, ಟೆನೆಸ್ಸಿ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳ ಗಡಿಯಾಗಿರುವ ಬೆಟ್ಟಸಾಲಿನ ನೆತ್ತಿಯ ಮೇಲಿವೆ. ಉಳಿದ ಮೂರು, ಅಂದರೆ ಕೆಫಾರ್ಟ್, ಲಾರೆಲ್ ಗ್ಯಾಪ್ ಮತ್ತು ಮೌಂಟ್ ಲೆಕಾಂಟ್, ಆ ಜಾಡಿನಿಂದ ಹೊರಗಿವೆ. ನೀವು ಬರೆದಿರುವ ದಾರಿ ನಲವತ್ತು ಕಿ.ಮೀ. ಆಸುಪಾಸು. ನ್ಯೂಫೌಂಡ್ ಗ್ಯಾಪ್‌ನಲ್ಲಿ ಕಾರಿನಿಂದ ಇಳಿದರೆ ಕಾಸ್ಬಿ ತಲುಪುವವರೆಗೆ ನಡುವೆ ಎಲ್ಲಿಯೂ ಮೋಟಾರು ರಸ್ತೆ ಸಿಗುವುದಿಲ್ಲ. ಎರಡನೆಯ ದಿನ ಅಪ್ಪನ ಕಾಲು ಉಳುಕಿದರೆ, ಮಗನಿಗೆ ವಾಂತಿ ಶುರುವಾದರೆ, ಹಿಂದೆ ಹೋದರೂ ಮುಂದೆ ಹೋದರೂ ನಡೆದೇ ಹೋಗಬೇಕು. ಅಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ರೇಂಜರ್‌ಗಳು ಬರುತ್ತಾರೆ, ಆದರೆ ಅವರೂ ನಡೆದೇ ಬರಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಅಪ್ಪ ಅದನ್ನು ನಡೆಯಲಾರರು ಎಂದು ನಾನು ಹೇಳುತ್ತಿಲ್ಲ. ತೋಟದ ಏರು ತಗ್ಗಿನಲ್ಲಿ ಬದುಕಿದವರು ನಮ್ಮ ನಿಮ್ಮಂಥ ಕಚೇರಿಯ ಜನರಿಗಿಂತ ಚೆನ್ನಾಗಿ ನಡೆಯುತ್ತಾರೆ. ಆದರೆ ಅವರು ಬೆನ್ನ ಮೇಲೆ ಹತ್ತು ಕಿಲೋ ಹೊತ್ತು ದಿನವಿಡೀ ನಡೆದು, ಶೂನ್ಯದ ಹತ್ತಿರದ ಚಳಿಯಲ್ಲಿ ಹಲಗೆಯ ಮೇಲೆ ಮಲಗಿ, ಮರುದಿನ ಮತ್ತೆ ಎದ್ದು ನಡೆದದ್ದನ್ನು ನೀವು ನೋಡಿಲ್ಲ. ನಿಮ್ಮ ಮಗನನ್ನೂ ನೋಡಿಲ್ಲ. ಅದನ್ನು ನೋಡಲು ಒಂದು ಸಣ್ಣ ರಾತ್ರಿ ಬೇಕು.

ಆ ಸಣ್ಣ ರಾತ್ರಿ ಕೆಫಾರ್ಟ್ ಶೆಲ್ಟರ್‌ನಲ್ಲಿ ಆಗಲಿ. ಅಟ್ಲಾಂಟಾದಿಂದ ಚೆರೋಕೀ ಪಟ್ಟಣಕ್ಕೆ ಕಾರಿನಲ್ಲಿ ಮೂರು ಗಂಟೆಗೆ ಮೇಲೆ ಸ್ವಲ್ಪ. ಅಲ್ಲಿಂದ ಉದ್ಯಾನದೊಳಗೆ ನ್ಯೂಫೌಂಡ್ ಗ್ಯಾಪ್ ರಸ್ತೆಯಲ್ಲಿ ಮುಂದೆ ಹೋದರೆ ಬಲಗಡೆ ಕೆಫಾರ್ಟ್ ಪ್ರಾಂಗ್ ಜಾಡಿನ ಬಾಯಿ ಸಿಗುತ್ತದೆ. ಶೆಲ್ಟರ್‌ವರೆಗೆ ಎರಡು ಮೈಲಿ, ಅಂದರೆ ಮೂರು ಕಿ.ಮೀ.ಗೆ ಸ್ವಲ್ಪ ಹೆಚ್ಚು. ಏರು ಇನ್ನೂರೈವತ್ತು ಮೀಟರಿನಷ್ಟು, ಎಲ್ಲಿಯೂ ಎದೆ ಬಿರಿಯುವಂಥದ್ದಲ್ಲ. ಇಡೀ ದಾರಿ ತೊರೆಯ ಪಕ್ಕದಲ್ಲೇ ಸಾಗುತ್ತದೆ. ತೊರೆಯನ್ನು ಹಲವು ಸಲ ದಾಟಬೇಕು. ಉದ್ದದ ಮರದ ದಿಮ್ಮಿಯನ್ನು ಮೇಲೆ ಚಪ್ಪಟೆಯಾಗಿ ಕೆತ್ತಿ, ಒಂದು ಬದಿಗೆ ಹಿಡಿದುಕೊಳ್ಳಲು ಕೈಯಾಸರೆ ಕೂರಿಸಿದ ಕಾಲುಸಂಕಗಳಿರುತ್ತವೆ. ಮಲೆನಾಡಿನವರಿಗೆ ಸಂಕ ಹೊಸತಲ್ಲ, ಅಪ್ಪ ನಿಮಗಿಂತ ಮೊದಲು ದಾಟಿ ಆಚೆ ದಡದಲ್ಲಿ ಕಾಯುತ್ತಿರುತ್ತಾರೆ. ನೆರೆ ಬಂದಾಗ ಇವು ಕೊಚ್ಚಿಹೋಗುವುದುಂಟು. ಆದ್ದರಿಂದ ಹೊರಡುವ ಹಿಂದಿನ ದಿನ ಉದ್ಯಾನದ ಜಾಲತಾಣದಲ್ಲಿ ಯಾವ ಜಾಡು, ಯಾವ ಸಂಕ ಮುಚ್ಚಿದೆ ಎಂಬ ಪಟ್ಟಿ ನೋಡಿಯೇ ಹೊರಡಿ.

ಜಾಡು ಹಿಡಿದು ಸ್ವಲ್ಪ ದೂರ ಹೋದರೆ ಕಾಡಿನ ನಡುವೆ ಒಂಟಿಯಾಗಿ ನಿಂತ ಕಲ್ಲಿನ ಹೊಗೆಗೂಡು, ಕಲ್ಲಿನ ಗುರುತುಗಳು ಕಾಣುತ್ತವೆ. ಮಗನನ್ನು ಅಲ್ಲಿ ಹತ್ತು ನಿಮಿಷ ನಿಲ್ಲಿಸಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗೆಂದು ಅಧ್ಯಕ್ಷ ರೂಸ್‌ವೆಲ್ಟ್ ಕಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆಯ ಶಿಬಿರ ಅಲ್ಲಿತ್ತು. ಇಂದು ನಾವು ನಡೆಯುವ ಹಲವು ಜಾಡುಗಳು, ದಾಟುವ ಹಲವು ಸೇತುವೆಗಳು ಆ ಹುಡುಗರ ಕೈಕೆಲಸ. ಕೆಫಾರ್ಟ್ ಎಂಬ ಹೆಸರು ಹೊರೇಸ್ ಕೆಫಾರ್ಟ್ ಅವರದು. ಕೊಡಲಿಯ ಕಂಪನಿಗಳು ಈ ಬೆಟ್ಟಗಳನ್ನು ಬೋಳಿಸುತ್ತಿದ್ದಾಗ ಇದು ರಾಷ್ಟ್ರೀಯ ಉದ್ಯಾನವಾಗಬೇಕೆಂದು ಪಟ್ಟು ಹಿಡಿದು ಬರೆದವರು ಅವರು. 1934ರಲ್ಲಿ ಉದ್ಯಾನ ಸ್ಥಾಪನೆಯಾಗುವ ಮೊದಲೇ, 1931ರಲ್ಲಿ ತೀರಿಕೊಂಡರು. ಇಷ್ಟನ್ನೇ ಹೇಳಿ ನಿಲ್ಲಿಸಬೇಡಿ. ಉದ್ಯಾನಕ್ಕಾಗಿ ಇಲ್ಲಿನ ಹಳ್ಳಿಗರನ್ನು ಎಬ್ಬಿಸಲಾಯಿತು. ಅದಕ್ಕೂ ಮೊದಲು, 1838ರಲ್ಲಿ, ಈ ನೆಲದ ಚೆರೋಕೀ ಜನರನ್ನು ಸೈನಿಕರು ಹೊರದಬ್ಬಿದರು. ನೀವು ಹಾದು ಬರುವ ಚೆರೋಕೀ ಪಟ್ಟಣ, ಹೋಗಲೊಪ್ಪದೆ ಉಳಿದವರ ವಂಶದವರದು. ಉದ್ಯಾನದ ಅತಿ ಎತ್ತರದ ಶಿಖರಕ್ಕೆ 2024ರಲ್ಲಿ ಅವರ ಭಾಷೆಯ ‘ಕುವೋಹಿ’ ಎಂಬ ಹೆಸರು ಮರಳಿ ಬಂದಿದೆ. ಅಣೆಕಟ್ಟಿನ ನೀರಿಗೆ ಊರು ಬಿಟ್ಟವರನ್ನು ಶರಾವತಿ ಸೀಮೆಯಲ್ಲಿ ಕಂಡಿರುವ ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರ್ಮಿಟ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಉದ್ಯಾನದ ಒಳಗೆ ರಾತ್ರಿ ತಂಗಲು ಮೊದಲೇ ಜಾಗ ಕಾಯ್ದಿರಿಸಿ ಪರ್ಮಿಟ್ ಪಡೆಯಲೇಬೇಕು. ಮೂವತ್ತು ದಿನ ಮುಂಚೆ ಉದ್ಯಾನದ ಜಾಲತಾಣದಲ್ಲಿ ಬುಕಿಂಗ್ ತೆರೆಯುತ್ತದೆ. 2023ರಲ್ಲಿ ಪರಿಷ್ಕರಿಸಿದ ದರ ಒಬ್ಬರಿಗೆ ಒಂದು ರಾತ್ರಿಗೆ 8 ಡಾಲರ್. ಒಂದೇ ಶೆಲ್ಟರ್‌ನಲ್ಲಿ ಸತತ ಎರಡು ರಾತ್ರಿ ಉಳಿಯುವಂತಿಲ್ಲ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, ಆದರೆ ಕಾರು ನಿಲ್ಲಿಸಲು ಪಾರ್ಕಿಂಗ್ ಟ್ಯಾಗ್ ಬೇಕು: ದಿನಕ್ಕೆ 5, ವಾರಕ್ಕೆ 15, ವರ್ಷಕ್ಕೆ 40 ಡಾಲರ್. ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೋಡಲು ಜನ ಮುಗಿಬೀಳುತ್ತಾರೆ. ಶುಕ್ರವಾರ, ಶನಿವಾರದ ಜಾಗ ಬೇಗ ತುಂಬುತ್ತದೆ. ಮಗ ಸೋಮವಾರ ಒಂದು ದಿನ ಶಾಲೆ ತಪ್ಪಿಸಿದರೂ ಚಿಂತೆಯಿಲ್ಲ, ಭಾನುವಾರದ ರಾತ್ರಿಯನ್ನು ಆರಿಸಿಕೊಳ್ಳಿ. ಶೆಲ್ಟರ್ ಪರ್ಮಿಟ್ ಇದ್ದವರು ಅದರ ಪಕ್ಕದಲ್ಲಿ ಟೆಂಟ್ ಹಾಕುವಂತಿಲ್ಲ ಎಂಬುದೂ ನೆನಪಿರಲಿ.

ಕರಡಿಯ ಮಾತಿಗೆ ಬರೋಣ. ಕರಡಿ ಎಂದಾಗ ಅಪ್ಪನ ಕಣ್ಣ ಮುಂದೆ ಬರುವುದು ನಮ್ಮ ಕಡೆಯ ಕರಡಿ, ದರೋಜಿಯ ಬಂಡೆಗಳಲ್ಲಿ ಓಡಾಡುವಂಥದ್ದು. ಎದುರಾಎದುರು ಸಿಕ್ಕಿದರೆ ಅದು ಹಿಂದೆಮುಂದೆ ನೋಡದೆ ಮೇಲೆರಗುತ್ತದೆ, ಮುಖಕ್ಕೇ ಪರಚುತ್ತದೆ. ಸ್ಮೋಕಿಯಲ್ಲಿರುವುದು ಅಮೆರಿಕದ ಕಪ್ಪು ಕರಡಿ, ಸ್ವಭಾವ ಬೇರೆ. ಉದ್ಯಾನದಲ್ಲಿ ಅವುಗಳ ಸಂಖ್ಯೆ ಸುಮಾರು 1,900 ಎಂದು ಅಂದಾಜು. ಅಂದರೆ ಪ್ರತಿ ಚದರ ಮೈಲಿಗೆ ಎರಡು ಹತ್ತಿರ. ನೀವು ಅದನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡು ಸರಿದುಹೋಗಿರುತ್ತದೆ. ಅದಕ್ಕೆ ನಿಮ್ಮ ಮೇಲೆ ಆಸಕ್ತಿಯಿಲ್ಲ, ನಿಮ್ಮ ಚೀಲದ ಮೇಲೆ ಇದೆ. ಒಮ್ಮೆ ಮನುಷ್ಯನ ಊಟದ ರುಚಿ ಹತ್ತಿದರೆ ಮತ್ತೆ ಮತ್ತೆ ಬರುತ್ತದೆ, ಅಂಜಿಕೆ ಬಿಡುತ್ತದೆ, ಕೊನೆಗೆ ಆ ಕರಡಿಯನ್ನೇ ಕೊಲ್ಲಬೇಕಾಗಿ ಬರುತ್ತದೆ. ಒಬ್ಬರು ಮರೆತು ಬಿಟ್ಟ ಒಂದು ಪೊಟ್ಟಣಕ್ಕೆ ಒಂದು ಪ್ರಾಣಿಯ ಜೀವ ಹೋಗುವುದೆಂದರೆ ನನಗೆ ಸಹಿಸಲಾಗದು. ಅದಕ್ಕೇ ಈ ವಿಷಯದಲ್ಲಿ ನಾನು ಕಟುವಾಗಿ ಮಾತನಾಡುತ್ತೇನೆ.

ಹಿಂದೆ ಈ ಶೆಲ್ಟರ್‌ಗಳ ತೆರೆದ ಬದಿಗೆ ಕಬ್ಬಿಣದ ಜಾಲರಿ ಬೇಲಿ ಇತ್ತು, ಬಾಗಿಲಿಗೆ ಚಿಲಕವಿತ್ತು. ನಾವು ಒಳಗೆ, ಕರಡಿ ಹೊರಗೆ. ಆಗ ಏನಾಯಿತೆಂದರೆ, ಒಳಗಿದ್ದವರಿಗೆ ಧೈರ್ಯ ಬಂತು. ಒಳಗೇ ಅಡುಗೆ ಮಾಡಿದರು, ಎಂಜಲು ಅಲ್ಲೇ ಚೆಲ್ಲಿದರು, ಕೆಲವರು ಜಾಲರಿಯ ಸಂದಿಯಿಂದ ತಿಂಡಿ ಚಾಚಿ ಕರಡಿಯನ್ನು ಕರೆದರು. ಬೇಲಿಯಿಂದ ಕರಡಿಯ ಕಾಟ ಕಡಿಮೆಯಾಗಲಿಲ್ಲ. ಆದ್ದರಿಂದ ಉದ್ಯಾನದವರು ಒಂದೊಂದೇ ಶೆಲ್ಟರ್‌ನ ಬೇಲಿ ಕಿತ್ತುಹಾಕುತ್ತ ಬಂದರು. ಅದರ ಬದಲು ಊಟವನ್ನು ಎತ್ತರದಲ್ಲಿ ತೂಗಿಬಿಡುವ ವ್ಯವಸ್ಥೆ ಮಾಡಿದರು. ಶೆಲ್ಟರ್‌ನಿಂದ ಸ್ವಲ್ಪ ದೂರದಲ್ಲಿ ಎರಡು ಮರಗಳ ನಡುವೆ ಎತ್ತರದಲ್ಲಿ ಉಕ್ಕಿನ ಹಗ್ಗ ಬಿಗಿದಿರುತ್ತದೆ, ಅದಕ್ಕೆ ರಾಟೆಗಳು, ರಾಟೆಯಿಂದ ಇಳಿಬಿದ್ದ ತಂತಿಗೆ ಕೊಕ್ಕೆ. ಬಾವಿಯಿಂದ ನೀರು ಸೇದಿದವರಿಗೆ ಕಲಿಸಬೇಕಾದ್ದೇನೂ ಇಲ್ಲ: ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ, ಮೇಲಕ್ಕೆ ಎಳೆದು, ತಂತಿಯ ತುದಿಯನ್ನು ಬುಡದ ಕೊಕ್ಕೆಗೆ ಭದ್ರಮಾಡಿ. ಅಪ್ಪನಿಗೇ ಈ ಕೆಲಸ ವಹಿಸಿ.

ಏನನ್ನು ತೂಗಿಹಾಕಬೇಕು ಎಂದು ಕೇಳಿದರೆ, ವಾಸನೆಯಿರುವ ಎಲ್ಲವನ್ನೂ. ಊಟ ಮಾತ್ರ ಎಂದುಕೊಂಡು ಎಡವುವವರೇ ಹೆಚ್ಚು. ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಅಮೃತಾಂಜನ, ಅಪ್ಪನ ಕೆಮ್ಮಿನ ಸಿರಪ್, ಊದುಬತ್ತಿ, ಕವಳದ ಸಂಚಿ, ಕಸ, ತಿಂದು ಮಡಿಸಿಟ್ಟ ಖಾಲಿ ಪೊಟ್ಟಣ. ರಾತ್ರಿ ಬೇಕಾಗುವ ಮಾತ್ರೆಗಳನ್ನು ಬಿಟ್ಟು ಬೇರೇನೂ ನಿಮ್ಮ ಬಳಿ ಇರಬಾರದು. ಅಮೃತಾಂಜನ ಹಚ್ಚದೆ ನಿದ್ದೆ ಬಾರದವರಿದ್ದರೆ ಸಂಜೆಯೇ ಹಚ್ಚಿಸಿ, ಡಬ್ಬಿಯನ್ನು ಮೇಲೇರಿಸಿ. ಕತ್ತಲಾಗುವ ಮೊದಲು ನಾಲ್ವರ ಎಲ್ಲ ಜೇಬುಗಳನ್ನೂ ತಡವಿ ನೋಡಿ. ಮಕ್ಕಳ ಜೇಬಿನಲ್ಲಿ ಚಾಕೊಲೇಟ್ ಇದ್ದೇ ಇರುತ್ತದೆ.

ಕರಡಿ ಎದುರಾದರೆ ಓಡಬಾರದು. ಕನಿಷ್ಠ ಐವತ್ತು ಗಜ ದೂರವಿರಬೇಕೆಂಬುದು ಉದ್ಯಾನದ ನಿಯಮ. ಅದು ತನ್ನ ಕೆಲಸ ನಿಲ್ಲಿಸಿ ನಿಮ್ಮನ್ನೇ ನೋಡುತ್ತಿದೆ ಎಂದರೆ ನೀವು ಆಗಲೇ ತೀರ ಹತ್ತಿರವಿದ್ದೀರಿ. ಮುಖ ತಿರುಗಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಅದೇ ನಿಮ್ಮತ್ತ ಬಂದರೆ ನಾಲ್ವರೂ ಒಟ್ಟಿಗೆ ನಿಂತು, ಕೈ ಎತ್ತಿ, ಕೂಗಿ, ತಟ್ಟೆ ಬಡಿಯಿರಿ. ಊಟಕ್ಕಾಗಿ ಬಂದಿದ್ದರೆ ಊಟವನ್ನು ಬಿಟ್ಟು ದೂರ ಹೋಗಿ. ಊಟ ಬಿಟ್ಟು ನಿಮ್ಮ ಮೈಮೇಲೆಯೇ ಬಂದರೆ, ಇದು ಅತಿ ಅಪರೂಪ, ಸತ್ತಂತೆ ಬಿದ್ದುಕೊಳ್ಳಬಾರದು. ಕೋಲು, ಕಲ್ಲು ಏನು ಸಿಕ್ಕರೂ ಹಿಡಿದು ಹೊಡೆಯಬೇಕು. ಕರಡಿ ಕಂಡರೆ ಉಸಿರು ಬಿಗಿಹಿಡಿದು ಮಲಗಬೇಕೆಂಬ ಕಥೆಯನ್ನು ಚಿಕ್ಕಂದಿನಲ್ಲಿ ನಾವೆಲ್ಲ ಕೇಳಿದ್ದೇವೆ. ಮಗನಿಗೆ ಆ ಕಥೆಯನ್ನು ಹೇಳಿದ್ದರೆ, ಇಲ್ಲಿ ಅದು ನಡೆಯದೆಂದೂ ಹೇಳಿ.

ಇಷ್ಟೆಲ್ಲ ಹೇಳಿದರೂ ಕರಡಿ ನನ್ನ ನಿದ್ದೆಗೆಡಿಸಿದ್ದಿಲ್ಲ. ಕೆಡಿಸಿದ್ದು ಚಳಿ. ಈ ಬೆಟ್ಟಗಳಲ್ಲಿ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 55 ಇಂಚು ಮಳೆಯಾದರೆ ಕೆಲವು ಶಿಖರಗಳಲ್ಲಿ 85 ಇಂಚು ದಾಟುತ್ತದೆ. ಆಗುಂಬೆಯ ಲೆಕ್ಕದಲ್ಲಿ ಇದು ಏನೂ ಅಲ್ಲ ಎನ್ನಿಸುತ್ತದೆ. ಆದರೆ ನಮ್ಮ ಮಳೆಯಲ್ಲಿ ನೆನೆದರೆ ನೆಗಡಿ, ಇಲ್ಲಿನ ಮಳೆಯಲ್ಲಿ ನೆನೆದರೆ ಜೀವಕ್ಕೇ ಸಂಚಕಾರ ಬರಬಹುದು. ತಪ್ಪಲಿಗಿಂತ ನೆತ್ತಿಯಲ್ಲಿ ಹತ್ತರಿಂದ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಿರುತ್ತದೆ. ಅಕ್ಟೋಬರ್ ನಡುವಿನಲ್ಲಿ ಮಧ್ಯಾಹ್ನ ಅಂಗಿ ತೆಗೆಯುವಷ್ಟು ಬಿಸಿಲಿದ್ದು, ರಾತ್ರಿ ಐಸ್‌ವಾಟರ್‌ನಂಥ ಎತ್ತರದಲ್ಲಿ ನೀರು ಹೆಪ್ಪುಗಟ್ಟಬಹುದು. ಕೆಫಾರ್ಟ್ ಅದಕ್ಕಿಂತ ಏಳುನೂರು ಮೀಟರ್ ತಗ್ಗಿನಲ್ಲಿದೆ. ಅದನ್ನು ಆರಿಸಲು ಇದೂ ಒಂದು ಕಾರಣ.

ಒಮ್ಮೆ ಮೇ ತಿಂಗಳಿನಲ್ಲಿ ಗೆಳೆಯರೊಂದಿಗೆ ಮೌಂಟ್ ಕಾಲಿನ್ಸ್ ಶೆಲ್ಟರ್‌ಗೆ ಹೋಗಿದ್ದೆ. ಮೂರು ಗಂಟೆ ಸಣ್ಣ ಮಳೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಹತ್ತಿಯ ಅಂಗಿ, ಜೀನ್ಸ್ ಹಾಕಿಕೊಂಡಿದ್ದರು. ಶೆಲ್ಟರ್ ತಲುಪಿದಾಗ ಅವರು ಮಾತು ನಿಲ್ಲಿಸಿದ್ದರು. ದಣಿವು ಎಂದುಕೊಂಡೆವು. ಬೂಟಿನ ದಾರ ಬಿಚ್ಚಲು ಅವರ ಬೆರಳು ಬಾಗಲಿಲ್ಲ. ನಡುಗುತ್ತಿದ್ದವರು ನಡುಗುವುದನ್ನೂ ನಿಲ್ಲಿಸಿದರು. ಆಗ ನಮಗೆ ಎಚ್ಚರವಾಯಿತು. ಒದ್ದೆ ಬಟ್ಟೆಯನ್ನೆಲ್ಲ ತೆಗೆದು, ಒಣ ಉಣ್ಣೆಯ ಬಟ್ಟೆ ಹಾಕಿ, ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ, ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ, ಎದೆಯ ಬಳಿ ಇಟ್ಟೆವು. ಸಕ್ಕರೆ ಹಾಕಿದ ಬಿಸಿ ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಎರಡು ಗಂಟೆಯ ನಂತರ ಅವರು ‘ಹಸಿವಾಗುತ್ತಿದೆ’ ಎಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಅಂದು ಉಷ್ಣತೆ ಶೂನ್ಯಕ್ಕಿಂತ ಎಷ್ಟೋ ಮೇಲಿತ್ತು. ಮನುಷ್ಯನನ್ನು ಆ ಸ್ಥಿತಿಗೆ ತರಲು ಹಿಮ ಬೇಕಾಗಿಲ್ಲ. ನೆನೆದ ಬಟ್ಟೆ, ಗಾಳಿ ಮತ್ತು ಹಸಿವು ಸಾಕು. ವಯಸ್ಸಾದವರಿಗೆ ಇದು ಬೇಗ ಆಗುತ್ತದೆ, ಮತ್ತು ನಮ್ಮ ಹಿರಿಯರು ‘ಏನೂ ಆಗಿಲ್ಲ, ನೀನು ಮಗುವನ್ನು ನೋಡಿಕೋ’ ಎನ್ನುತ್ತಾರೆ. ಅಪ್ಪನ ಮಾತನ್ನು ನಂಬಬೇಡಿ, ಬೆರಳುಗಳನ್ನು ನೋಡಿ. ಗುಂಡಿ ಹಾಕಲು ತಡವರಿಸುತ್ತಾರೆಯೇ, ಸಮನೆಲದಲ್ಲಿ ಮುಗ್ಗರಿಸುತ್ತಾರೆಯೇ, ಮಾತು ತೊದಲುತ್ತದೆಯೇ ಎಂದು ಗಮನಿಸಿ.

ಆದ್ದರಿಂದ ಹತ್ತಿಯ ಬಟ್ಟೆ ಬೇಡ. ಪಂಚೆ, ಬನಿಯನ್ ಕಾರಿನಲ್ಲೇ ಇರಲಿ. ನಡೆಯಲು ಪಾಲಿಯೆಸ್ಟರ್, ಮಲಗಲು ಉಣ್ಣೆ. ಮಲಗುವ ಬಟ್ಟೆ ಒಂದು ಜೊತೆ ಮತ್ತು ಕಾಲುಚೀಲ ನೀರು ಹೋಗದ ಚೀಲದೊಳಗೆ ಭದ್ರವಾಗಿರಲಿ. ಎಷ್ಟೇ ನೆನೆದರೂ ಅದನ್ನು ದಾರಿಯಲ್ಲಿ ಮುಟ್ಟಬಾರದು. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಅದರ ಮೇಲಿನ ಡಿಗ್ರಿಯನ್ನು ನೋಡಿ ಮೋಸಹೋಗಬೇಡಿ. ದೊಡ್ಡ ಅಕ್ಷರದಲ್ಲಿ ಬರೆದಿರುವ ಅಂಕಿ ಹಲವು ಸಲ ಹೇಗೋ ರಾತ್ರಿ ಕಳೆಯಬಹುದಾದ ಮಿತಿ, ಹಿತವಾಗಿ ನಿದ್ರಿಸುವ ಮಟ್ಟವಲ್ಲ. ಅಕ್ಟೋಬರ್‌ಗೆ 20 ಡಿಗ್ರಿ ಫ್ಯಾರನ್‌ಹೀಟ್‌ನ ಬ್ಯಾಗ್ ಸರಿ. ಅದಕ್ಕಿಂತ ಮುಖ್ಯವಾದದ್ದು ಕೆಳಗಿನ ಹಾಸು. ಹಲಗೆಯ ಸಂದಿಯಿಂದ ಬರುವ ಚಳಿ ಬೆನ್ನಿನಿಂದ ಶಾಖವನ್ನು ಹೀರುತ್ತದೆ. ಹೊದಿಕೆ ಎಷ್ಟು ದಪ್ಪವಿದ್ದರೂ ಕೆಳಗೆ ಒಳ್ಳೆಯ ಹಾಸು ಇಲ್ಲದಿದ್ದರೆ ನಿದ್ದೆಯಿಲ್ಲ. ಅಪ್ಪನಿಗೆ ಎರಡು ಹಾಸು ಹಾಕಿ, ಕೆಳ ಅಂತಸ್ತಿನಲ್ಲೇ ಮಲಗಿಸಿ. ರಾತ್ರಿ ಎರಡು ಸಲ ಏಳಬೇಕಾದವರಿಗೆ ಮೇಲಿನ ಅಟ್ಟಣಿಗೆ ಅಪಾಯ. ಹಣೆಗೆ ಕಟ್ಟುವ ಟಾರ್ಚ್ ತಲೆಗೊಂದರಂತೆ ನಾಲ್ಕು ಬೇಕು. ಅಪ್ಪನ ಚೀಲ ಐದು ಕಿಲೋ ಮೀರದಿರಲಿ.

ಊಟಕ್ಕೆ ನಮ್ಮಲ್ಲಿರುವಷ್ಟು ಒಳ್ಳೆಯ ದಾರಿಬುತ್ತಿ ಯಾರಲ್ಲೂ ಇಲ್ಲವೆಂದು ನನ್ನ ನಂಬಿಕೆ. ಅಂಗಡಿಯಲ್ಲಿ ಹನ್ನೆರಡು ಡಾಲರ್ ಕೊಟ್ಟು ಒಣಗಿಸಿದ ಊಟದ ಪೊಟ್ಟಣ ಕೊಳ್ಳುವ ಅಗತ್ಯವಿಲ್ಲ. ರಾತ್ರಿಗೆ ಗೊಜ್ಜವಲಕ್ಕಿ: ತೆಳು ಅವಲಕ್ಕಿ, ಹುಳಿಪುಡಿ, ಬೆಲ್ಲ, ಕೊಬ್ಬರಿ, ಒಗ್ಗರಣೆ ಎಲ್ಲವನ್ನೂ ಮನೆಯಲ್ಲೇ ಕಲಸಿ ಒಣಗಿಸಿ ಒಯ್ದರೆ ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಸಾಕು. ಒಲೆ ಹೊತ್ತದಿದ್ದರೂ ತಣ್ಣೀರಿನಲ್ಲಿ ನೆನೆಯುತ್ತದೆ, ಇದು ಸಣ್ಣ ಮಾತಲ್ಲ. ಬೆಳಿಗ್ಗೆಗೆ ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ ಅಥವಾ ರಾಗಿ ಹುರಿಹಿಟ್ಟು. ದಾರಿಗೆ ಚಪಾತಿ, ಚಟ್ನಿಪುಡಿ, ಕಡಲೆ ಚಿಕ್ಕಿ. ಅಪ್ಪ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಲೇಬೇಕೆಂದು ಹಟ ಹಿಡಿದರೆ ಎರಡು ಮಿಡಿಗಳನ್ನು ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಹಾಕಿ. ಎಣ್ಣೆ ಚೀಲಕ್ಕೆ ಸೋರಿದರೆ ಆ ಚೀಲ ಇಡೀ ಕಾಡಿಗೆ ಕರೆಯೋಲೆಯಾಗುತ್ತದೆ. ತೊಡದೇವು ಬೇಡ, ದಾರಿಯಲ್ಲೇ ಪುಡಿಯಾಗಿಬಿಡುತ್ತದೆ. ಕಾಡಿನಲ್ಲಿ ಒಗ್ಗರಣೆ ಹಾಕಬೇಡಿ. ಇಂಗು, ಸಾಸಿವೆ, ಕರಿಬೇವಿನ ವಾಸನೆ ಶೆಲ್ಟರ್‌ನ ಮರಕ್ಕೆ, ಪಕ್ಕದವರ ಬ್ಯಾಗಿಗೆ ಹತ್ತಿ ಕೂರುತ್ತದೆ. ಅಡುಗೆಯನ್ನು ಮಲಗುವ ಜಾಗದಿಂದ ದೂರ, ಸಣ್ಣ ಗ್ಯಾಸ್ ಒಲೆಯಲ್ಲಿ ಮಾಡಿ. ಪಾತ್ರೆ ತೊಳೆದ ಮೊದಲ ನೀರನ್ನು ಕುಡಿದುಬಿಡುವುದು ನನ್ನ ರೂಢಿ. ಅನ್ನದ ಅಗುಳು ಬಿಡಬಾರದೆಂದು ಕಲಿತ ಮನೆಗಳಲ್ಲಿ ಇದು ಕಷ್ಟವಾಗಬಾರದು. ತೊರೆಯಲ್ಲಿ ಪಾತ್ರೆ ತೊಳೆಯಬಾರದು, ಸೋಪಂತೂ ಬೇಡವೇ ಬೇಡ.

ಕುಡಿಯುವ ನೀರನ್ನು ತೊರೆಯಿಂದಲೇ ತೆಗೆದುಕೊಳ್ಳಬೇಕು, ಆದರೆ ಒಂದು ನಿಮಿಷ ಕೊತಕೊತ ಕುದಿಸಿ ಅಥವಾ ಫಿಲ್ಟರ್ ಮಾಡಿ ಕುಡಿಯಿರಿ. ಎಷ್ಟೇ ತಿಳಿಯಾಗಿ ಕಂಡರೂ ಸರಿಯೇ. ಶಿರಸಿಯ ಒರತೆಯ ನೀರನ್ನು ಬೊಗಸೆಯಲ್ಲಿ ಕುಡಿದು ಬೆಳೆದ ಅಪ್ಪನಿಗೆ ಇದು ಅತಿ ಎನ್ನಿಸಬಹುದು, ಒಪ್ಪಿಸಿ. ಶೌಚಕ್ಕೆ ಕೆಲವು ಶೆಲ್ಟರ್‌ಗಳ ಬಳಿ ಮರದ ಕೊಠಡಿಯಿದೆ, ಹಲವು ಕಡೆ ಇಲ್ಲ. ಇಲ್ಲದ ಕಡೆ ನೀರಿನಿಂದಲೂ ಶೆಲ್ಟರ್‌ನಿಂದಲೂ ಕನಿಷ್ಠ ನೂರು ಅಡಿ ದೂರದಲ್ಲಿ ಆರು ಇಂಚು ಆಳದ ಗುಂಡಿ ತೋಡಿ ಮುಚ್ಚಬೇಕು. ಸಣ್ಣ ಸಲಿಕೆ ಒಯ್ಯಿರಿ. ಆಮೇಲೆ ಕೈಯನ್ನು ಸೋಪು ನೀರಿನಿಂದ, ತೊರೆಯಿಂದ ದೂರದಲ್ಲಿ, ತೊಳೆಯಿರಿ. ಈ ಜಾಡುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಕೈಗೆ ಸವರುವ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಇಂಬಳದ ಕಾಟ ಇಲ್ಲಿಲ್ಲ. ಉಣುಗು ಇದೆ. ಮಂಗನ ಕಾಯಿಲೆಯ ಸೀಮೆಯವರಾದ ನಿಮಗೆ ಉಣುಗು ಎಂದರೆ ಸಾಕು. ಸಂಜೆ ಮಗನ ಕಿವಿಯ ಹಿಂದೆ, ಮಂಡಿಯ ಸಂದಿನಲ್ಲಿ ನೋಡಿ.

ಶೆಲ್ಟರ್‌ನಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೆ ಎಲ್ಲರೂ ಮಲಗಿಬಿಡುತ್ತಾರೆ. ನಾಲ್ಕು ಗಂಟೆಯೊಳಗೆ ತಲುಪಿ, ಜಾಗ ಹಿಡಿದು, ಬೆಳಕಿರುವಾಗಲೇ ಊಟ ಮುಗಿಸಿ. ಹಾಸುಗಳನ್ನು ಒಂದಕ್ಕೊಂದು ತಾಗಿಸಿ ಹಾಕಿ, ತಡವಾಗಿ ನೆನೆದು ಬರುವವರಿಗೆ ಜಾಗ ಬಿಡಿ. ಮೊಬೈಲ್‌ನಲ್ಲಿ ಹಾಡು, ಭಜನೆ ಬೇಡ. ಅಪ್ಪ ಮೆಲುದನಿಯಲ್ಲಿ ಸಂಜೆಯ ಮಂತ್ರ ಹೇಳಿಕೊಂಡರೆ ಯಾರಿಗೂ ತೊಂದರೆಯಿಲ್ಲ. ಗೊರಕೆಯ ಸಂಗೀತಕ್ಕೆ ಕಿವಿಯ ಬಿರಡೆ ಒಯ್ಯಿರಿ. ಇಲಿಗಳು ಬಂದೇ ಬರುತ್ತವೆ, ತೊಲೆಯ ಮೇಲೆ ಓಡಾಡುತ್ತವೆ. ಊಟವೆಲ್ಲ ರಾಟೆಯ ಮೇಲಿದ್ದರೆ ಅವು ನಿಮ್ಮನ್ನು ಮೂಸಿ ಹೋಗುತ್ತವೆ, ಅಷ್ಟೇ. ಹಿಕ್ಕೆ ಕಂಡರೆ ಒಣ ಪೊರಕೆಯಿಂದ ಧೂಳೆಬ್ಬಿಸಬೇಡಿ, ಅದರಲ್ಲಿ ರೋಗಾಣು ಇರಬಹುದು. ಅಂಗಳದಲ್ಲಿ ಬೆಂಕಿ ಹಾಕುವುದಾದರೆ ಅದಕ್ಕೆಂದೇ ಮಾಡಿದ ಗೂಡಿನಲ್ಲಿ, ಬಿದ್ದ ಒಣ ಕಟ್ಟಿಗೆಯಿಂದ ಮಾತ್ರ.

ಬೆಳಿಗ್ಗೆ ಬೇಗ ಹೊರಡಬೇಡಿ. ಶೆಲ್ಟರ್‌ನ ಎದುರು ತೊರೆ ಹರಿಯುತ್ತದೆ, ಮಗನನ್ನು ಅದರ ದಡದಲ್ಲಿ ಕೂರಿಸಿ. ಈ ಉದ್ಯಾನದಲ್ಲಿ ಸಾಲಮಾಂಡರ್ ಎಂಬ ಹಲ್ಲಿಯಂಥ ಉಭಯಚರಗಳು ಮೂವತ್ತು ಬಗೆಯವಿವೆ. ಪ್ರಪಂಚದಲ್ಲಿ ಇಷ್ಟು ಬಗೆ ಒಂದೆಡೆ ಇರುವ ತಾಣಗಳು ತೀರ ಕಡಿಮೆ. ಕಲ್ಲು ಎತ್ತಬಾರದು, ಅವುಗಳ ಮನೆ ಅದೇ. ಸುಮ್ಮನೆ ಕೂತರೆ ಒದ್ದೆ ಎಲೆಯ ಮೇಲೆ ತಾವಾಗಿ ಬರುತ್ತವೆ.

ಈ ರಾತ್ರಿ ಎಲ್ಲರಿಗೂ ಹಿಡಿಸಿದರೆ ಎರಡನೆಯ ಸಲಕ್ಕೆ ಹೀಗೆ ಮಾಡಿ. ಎರಡು ಕಾರು ಬೇಕು, ಒಂದನ್ನು ಕೆಫಾರ್ಟ್ ಜಾಡಿನ ಬಾಯಲ್ಲಿ ಬಿಡಿ. ನ್ಯೂಫೌಂಡ್ ಗ್ಯಾಪ್‌ನಿಂದ ಐಸ್‌ವಾಟರ್ ಸ್ಪ್ರಿಂಗ್‌ಗೆ ಐದು ಕಿ.ಮೀ. ಮರಗಳ ಮೇಲಿನ ಬಿಳಿ ಬಣ್ಣದ ಗುರುತು ಹಿಡಿದು ನಡೆದು ಅಲ್ಲಿ ಒಂದು ರಾತ್ರಿ. ಮರುದಿನ ಅಲ್ಲಿಂದ ಒಂದೂವರೆ ಕಿ.ಮೀ. ಮುಂದಿರುವ ಚಾರ್ಲೀಸ್ ಬನಿಯನ್ ಎಂಬ ಬೋಳು ಬಂಡೆ, ಆಮೇಲೆ ಡ್ರೈ ಸ್ಲೂಸ್ ಗ್ಯಾಪ್, ಗ್ರಾಸಿ ಬ್ರಾಂಚ್ ಜಾಡುಗಳಲ್ಲಿ ಇಳಿದು ಕೆಫಾರ್ಟ್‌ನಲ್ಲಿ ಎರಡನೆಯ ರಾತ್ರಿ. ಬಹುಪಾಲು ಇಳಿಜಾರು. ಮೇಲಿನ ಕಾಡಿನಲ್ಲಿ ಬಿಳಿಚಿಕೊಂಡು ನಿಂತ ಒಣಮರಗಳನ್ನು ನೋಡುತ್ತೀರಿ. ಹೊರಗಿನಿಂದ ಬಂದ ಒಂದು ಸಣ್ಣ ಕೀಟ ಇಲ್ಲಿನ ಫ್ರೇಸರ್ ಫರ್ ಮರಗಳನ್ನು ಹೀರಿ ಕೊಂದ ಗುರುತು ಅದು. ಗಾಳಿಯ ದಿನ ಅವುಗಳ ಕೆಳಗೆ ಕೂರಬೇಡಿ.

ಇನ್ನು ಅಮ್ಮನ ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರಿಗೆ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡಿ: ಯಾವ ಜಾಡು, ಯಾವ ಶೆಲ್ಟರ್, ಕಾರಿನ ನಂಬರ್, ಯಾವ ಗಂಟೆಗೆ ಕೆಳಗೆ ಬಂದು ಫೋನ್ ಮಾಡುತ್ತೀರಿ, ಯಾವ ಗಂಟೆಯ ನಂತರವೂ ಫೋನ್ ಬಾರದಿದ್ದರೆ ಉದ್ಯಾನದ ತುರ್ತು ಸಂಖ್ಯೆಗೆ ಕರೆ ಮಾಡಬೇಕು. ಆ ಎರಡು ಗಂಟೆಗಳ ನಡುವೆ ಸಾಕಷ್ಟು ಅಂತರವಿಡಿ, ಸಂಕದ ಬಳಿ ಅರ್ಧ ತಾಸು ತಡವಾದುದಕ್ಕೆ ಅವರು ಗಾಬರಿಯಾಗುವುದು ಬೇಡ. ಸ್ನೇಹಿತರಿಗೂ ಒಂದು ಪ್ರತಿ ಕೊಡಿ. ಸಂಪರ್ಕ ಸಿಗುವ ಊರಿಗೆ ಕಾರು ಮುಟ್ಟಿದ ಕೂಡಲೇ ಮೊದಲ ಕರೆ ಅಮ್ಮನಿಗೆ ಹೋಗಲಿ, ಫೋನನ್ನು ಅಪ್ಪನ ಕೈಗೇ ಕೊಡಿ.